ಆಸ್ಪತ್ರೆಯ ದಾರಿಯಲ್ಲಿ ಸಿಕ್ಕ ಹೋಮಿ ಭಾಭಾ

ಡಾ. ಹೋಮಿ ಜೆಹಾಂಗೀರ್ ಭಾಭಾ ಯಾರು ಎಂದು ನಮ್ಮ ಕಾಲೇಜಿನ ಯಾವ ಕ್ಲಾಸಿನಲ್ಲಿ ಕೇಳಿದರೂ ಭಾರತದ ಅಣುಶಕ್ತಿಯ ಪಿತಾಮಹ ಎಂಬ ಉತ್ತರ ಬರುತ್ತದೆ. ಕ್ವಿಜ್‌ಗೆ ಅಷ್ಟು ಸಾಕು. ಹೋದ ವರ್ಷದವರೆಗೆ ನನಗೂ ಅಷ್ಟೇ ಗೊತ್ತಿತ್ತು. ನಾನು ಕಾಮರ್ಸ್ ವಿದ್ಯಾರ್ಥಿನಿ, ಹತ್ತನೇ ಕ್ಲಾಸಿನ ನಂತರ ವಿಜ್ಞಾನದ ಪುಸ್ತಕ ಮುಟ್ಟಿದವಳಲ್ಲ. ಹೋದ ವರ್ಷ ನಮ್ಮ ದಾದಿಗೆ ರೇಡಿಯೇಷನ್ ಚಿಕಿತ್ಸೆ ಆಯಿತು. (ಕನ್ನಡದಲ್ಲಿ ದಾದಿ ಎಂದರೆ ನರ್ಸ್. ನಮ್ಮ ಉರ್ದು ಮನೆಯಲ್ಲಿ ಅಬ್ಬಾನ ತಾಯಿ. ಆಸ್ಪತ್ರೆಯ ಕಥೆ ಹೇಳುವಾಗ ಇದರಿಂದ ತುಂಬಾ ಗೊಂದಲ ಆಗುತ್ತದೆ.) ಈ ಚಿಕಿತ್ಸೆ ನಮ್ಮ ದೇಶಕ್ಕೆ ಹೇಗೆ ಬಂತು, ಯಾರು ತಂದರು ಎಂದು ಓದುತ್ತಾ ಹೋದಾಗ ಭಾಭಾ ಅವರ ಹೆಸರು ಒಂದಲ್ಲ ಒಂದು ಕಡೆಯಿಂದ ಬರುತ್ತಲೇ ಇತ್ತು. ಬಾಂಬು, ವಿದ್ಯುತ್ತು ಎಂದು ಕೇಳಿದ್ದ ಮನುಷ್ಯ ಕ್ಯಾನ್ಸರ್ ಆಸ್ಪತ್ರೆಯ ಕಥೆಯಲ್ಲಿ ಏನು ಮಾಡುತ್ತಿದ್ದಾರೆ ಎಂದು ತಿಳಿಯಲು ಅವರ ಜೀವನವನ್ನು ಓದಿದೆ. ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು ಬೊಂಬಾಯಿಯಲ್ಲಿ, ಪಾರ್ಸಿ ಮನೆತನದಲ್ಲಿ. ಆದರೆ ಆ ಮನೆತನಕ್ಕೂ ನಮ್ಮ ರಾಜ್ಯಕ್ಕೂ ಹಳೆಯ ನಂಟು ಇದೆ. ಅವರ ಅಜ್ಜ ಹೊರ್ಮುಸ್‌ಜಿ ಭಾಭಾ ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದರು. ಹೋಮಿಯವರ ತಂದೆ ಜೆಹಾಂಗೀರ್ ಮತ್ತು ಸೋದರತ್ತೆ ಮೆಹರ್‌ಬಾಯಿ ಬೆಳೆದದ್ದು ಬೆಂಗಳೂರಿನಲ್ಲಿ. ಮೆಹರ್‌ಬಾಯಿಯವರನ್ನು 1898ರಲ್ಲಿ ಜಮ್‌ಶೆಟ್‌ಜಿ ಟಾಟಾ ಅವರ ಮಗ ದೊರಾಬ್‌ಜಿ ಟಾಟಾ ಮದುವೆಯಾದರು. ಹೀಗೆ ಹೋಮಿಗೆ ದೇಶದ ಅತಿ ದೊಡ್ಡ ಉದ್ಯಮಿ ಮಾವನಾದರು. ಹುಡುಗ ಶಾಲೆ ಮುಗಿಸಿ ಅತ್ತೆಯ ಮನೆಗೆ ಹೋದಾಗ ಅಲ್ಲಿ ಉಕ್ಕಿನ ಕಾರ್ಖಾನೆ, ಜಲವಿದ್ಯುತ್ತು ಎಂದು ದೊಡ್ಡವರ ಮಾತು ನಡೆಯುತ್ತಿತ್ತು, ಅದನ್ನು ಕೇಳುತ್ತಾ ಕೂರುತ್ತಿದ್ದರಂತೆ.

ಈ ಅತ್ತೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಕಥೆ ಅಲ್ಲಿಂದಲೇ ಶುರು. ಮೆಹರ್‌ಬಾಯಿಯವರ ಬಳಿ ಜುಬಿಲಿ ಎಂಬ ವಜ್ರ ಇತ್ತು. 245 ಕ್ಯಾರಟ್. ಕೊಹಿನೂರಿನ ಎರಡು ಪಟ್ಟಿಗಿಂತ ಹೆಚ್ಚು. ದೊರಾಬ್‌ಜಿ ಹೆಂಡತಿಗಾಗಿ ಕೊಂಡದ್ದು. 1924ರಲ್ಲಿ ಜಮ್‌ಶೆಡ್‌ಪುರದ ಉಕ್ಕಿನ ಕಂಪನಿಗೆ ಕೆಲಸಗಾರರ ಸಂಬಳ ಕೊಡಲೂ ಹಣ ಇಲ್ಲದಂತಾಯಿತು. ಆಗ ದೊರಾಬ್‌ಜಿ ತಮ್ಮ ಸ್ವಂತ ಆಸ್ತಿಯನ್ನು, ಹೆಂಡತಿಯ ಆ ವಜ್ರವನ್ನೂ ಸೇರಿಸಿ, ಇಂಪೀರಿಯಲ್ ಬ್ಯಾಂಕಿನಲ್ಲಿ ಅಡವಿಟ್ಟು ಸುಮಾರು ಒಂದು ಕೋಟಿ ರೂಪಾಯಿ ಸಾಲ ತಂದರು. ಕಂಪನಿ ಉಳಿಯಿತು. ಕಂಪನಿಯ ಆಸ್ತಿ ಬೇರೆ, ಮಾಲೀಕನ ಆಸ್ತಿ ಬೇರೆ ಎಂದು ನಮಗೆ ಅಕೌಂಟೆನ್ಸಿಯ ಮೊದಲ ಪಾಠದಲ್ಲೇ ಕಲಿಸುತ್ತಾರೆ. ದೊರಾಬ್‌ಜಿ ಆ ಪಾಠವನ್ನು ಮುರಿದರು ಎಂದು ನನಗೆ ಅನಿಸಿತು.

ವಜ್ರ ವಾಪಸು ಬಂತು, ಆದರೆ ಅದನ್ನು ಧರಿಸುವವರು ಹೆಚ್ಚು ಕಾಲ ಇರಲಿಲ್ಲ. ಮೆಹರ್‌ಬಾಯಿಯವರಿಗೆ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಬಂತು. 1931ರ ಜೂನ್‌ನಲ್ಲಿ ಬ್ರಿಟನ್ನಿನಲ್ಲಿ ತೀರಿಕೊಂಡರು. ದೇಶದಲ್ಲೇ ಅತಿ ಶ್ರೀಮಂತರ ಮನೆ. ವೈದ್ಯರಿಗೂ ಔಷಧಿಗೂ ಕೊಡಲು ಹಣಕ್ಕೆ ಕೊರತೆ ಇರಲಿಲ್ಲ. ಆದರೆ ಕೊಳ್ಳಲು ಔಷಧಿಯೇ ಇರಲಿಲ್ಲ. ದೊರಾಬ್‌ಜಿ ಹೆಂಡತಿಯ ಹೆಸರಿನಲ್ಲಿ ರಕ್ತದ ಕ್ಯಾನ್ಸರಿನ ಸಂಶೋಧನೆಗೆ ಟ್ರಸ್ಟ್ ಮಾಡಿದರು. ರೇಡಿಯಂ ಚಿಕಿತ್ಸೆಯನ್ನು ಭಾರತಕ್ಕೆ ತರಬೇಕೆಂದು ಬಯಸಿದ್ದರು. ಆದರೆ ಮರುವರ್ಷವೇ, 1932ರ ಜೂನ್‌ನಲ್ಲಿ, ಹೆಂಡತಿಯ ಸಮಾಧಿಗೆ ಹೋಗಬೇಕೆಂದು ಹೊರಟವರು ದಾರಿಯಲ್ಲಿ ಜರ್ಮನಿಯಲ್ಲಿ ತೀರಿಕೊಂಡರು. ಮುಂದೆ ಆ ವಜ್ರವನ್ನು ಮಾರಿ ಬಂದ ಹಣ ದೊರಾಬ್‌ಜಿ ಟ್ರಸ್ಟಿಗೆ ಸೇರಿತು. ಆ ಟ್ರಸ್ಟ್ ಕಟ್ಟಿಸಿದ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರ ಫೆಬ್ರವರಿ 28ರಂದು ಬೊಂಬಾಯಿಯ ಪರೇಲಿನಲ್ಲಿ ಬಾಗಿಲು ತೆರೆಯಿತು.

ಅತ್ತೆ ತೀರಿಕೊಂಡಾಗ ಹೋಮಿಗೆ 21 ವರ್ಷ. ಕೇಂಬ್ರಿಜ್‌ನಲ್ಲಿ ಓದುತ್ತಿದ್ದರು. ತಂದೆಗೂ ಮಾವನಿಗೂ ಒಂದೇ ಆಸೆ: ಹುಡುಗ ಮೆಕ್ಯಾನಿಕಲ್ ಎಂಜಿನಿಯರ್ ಆಗಬೇಕು, ಜಮ್‌ಶೆಡ್‌ಪುರಕ್ಕೆ ಬರಬೇಕು. ಹುಡುಗನಿಗೆ ಭೌತಶಾಸ್ತ್ರದ ಹುಚ್ಚು. ತಂದೆಗೆ ಉದ್ದದ ಪತ್ರ ಬರೆದು, ಉದ್ಯಮದ ಕೆಲಸ ತನ್ನ ಸ್ವಭಾವಕ್ಕೆ ಹೊಂದುವುದಿಲ್ಲ ಎಂದು ತಿಳಿಸಿದರು. ತಂದೆ ಒಂದು ಒಪ್ಪಂದ ಮಾಡಿದರು. ಮೊದಲು ಎಂಜಿನಿಯರಿಂಗ್‌ನಲ್ಲಿ ಫಸ್ಟ್ ಕ್ಲಾಸ್ ತರಬೇಕು, ತಂದರೆ ಮುಂದೆ ಗಣಿತ ಓದಲು ಹಣ ಕೊಡುತ್ತೇನೆ. ಹೋಮಿ 1930ರಲ್ಲಿ ಫಸ್ಟ್ ಕ್ಲಾಸ್ ತಂದರು, ಆಮೇಲೆ ಗಣಿತದಲ್ಲೂ ಫಸ್ಟ್ ಕ್ಲಾಸ್ ತಂದರು. ನಮ್ಮ ಮನೆಗಳಲ್ಲಿ ಪಿಯುಸಿ ಅಡ್ಮಿಷನ್ ಸಮಯದಲ್ಲಿ ಸೈನ್ಸಾ ಕಾಮರ್ಸಾ ಎಂದು ನಡೆಯುವ ಜಗಳಕ್ಕೆ ಇಂಥ ಒಪ್ಪಂದ ಒಳ್ಳೆಯ ಮದ್ದು. ಆದರೆ ಫಸ್ಟ್ ಕ್ಲಾಸ್ ತರುವುದು ನಮ್ಮ ಕೈಯಲ್ಲಿರಬೇಕು.

ಕೇಂಬ್ರಿಜ್‌ನಲ್ಲಿ ಅವರು ಮಾಡಿದ ಸಂಶೋಧನೆಯನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಎಲೆಕ್ಟ್ರಾನ್‌ಗೆ ಒಂದು ಅವಳಿ ಇದೆ, ಪಾಸಿಟ್ರಾನ್. ತೂಕ ಒಂದೇ, ವಿದ್ಯುದಾವೇಶ ಮಾತ್ರ ವಿರುದ್ಧ. ಇವೆರಡು ಎದುರಾದಾಗ ಹೇಗೆ ಚೆದರುತ್ತವೆ ಎಂದು ಭಾಭಾ ಲೆಕ್ಕ ಹಾಕಿ 1936ರಲ್ಲಿ ಪ್ರಕಟಿಸಿದರು. ಅದನ್ನು ಇಂದಿಗೂ ಭಾಭಾ ಸ್ಕ್ಯಾಟರಿಂಗ್ ಎನ್ನುತ್ತಾರೆ. 1937ರಲ್ಲಿ ಹೈಟ್ಲರ್ ಎಂಬ ವಿಜ್ಞಾನಿಯ ಜೊತೆ ಇನ್ನೊಂದು ಕೆಲಸ ಮಾಡಿದರು. ಆಕಾಶದಿಂದ ಬರುವ ವಿಶ್ವಕಿರಣಗಳು ಗಾಳಿಯಲ್ಲಿ ಹೊಕ್ಕಾಗ ಒಂದು ಕಣದಿಂದ ಹಲವು, ಹಲವರಿಂದ ಸಾವಿರಾರು ಎಂದು ಚಕ್ರಬಡ್ಡಿಯ ಹಾಗೆ ಬೆಳೆದು ಮಳೆಯಂತೆ ಸುರಿಯುತ್ತವೆ. ಅದು ಹೇಗೆ ಎಂದು ಇಬ್ಬರೂ ವಿವರಿಸಿದರು.

ಇದಕ್ಕೂ ಆಸ್ಪತ್ರೆಗೂ ಏನು ಸಂಬಂಧ ಎಂದು ನಾನೂ ಕೇಳಿಕೊಂಡೆ. ಕ್ಯಾನ್ಸರ್ ಮೈಯಲ್ಲಿ ಎಲ್ಲೆಲ್ಲಿ ಹರಡಿದೆ ಎಂದು ನೋಡಲು ಪೆಟ್ ಸ್ಕ್ಯಾನ್ ಮಾಡುತ್ತಾರಲ್ಲ, ಆ ಹೆಸರಿನ ಮೊದಲ ಅಕ್ಷರವೇ ಪಾಸಿಟ್ರಾನ್. ಇಂಜೆಕ್ಷನ್ನಿನ ಮೂಲಕ ಕೊಟ್ಟ ವಸ್ತುವಿನಿಂದ ಪಾಸಿಟ್ರಾನ್ ಹೊರಡುತ್ತದೆ, ಪಕ್ಕದ ಎಲೆಕ್ಟ್ರಾನ್‌ಗೆ ಸಿಕ್ಕಿ ಎರಡೂ ಇಲ್ಲವಾಗುತ್ತವೆ, ಆ ಜಾಗದಿಂದ ಎರಡು ಗಾಮಾ ಕಿರಣಗಳು ಹೊರಡುತ್ತವೆ. ಯಂತ್ರ ಅವನ್ನು ಹಿಡಿದು ಚಿತ್ರ ಮಾಡುತ್ತದೆ. ರೇಡಿಯೇಷನ್ ಕೊಡುವ ಮೊದಲು ಕಿರಣ ಮೈಯೊಳಗೆ ಎಲ್ಲಿ ಎಷ್ಟು ಬೀಳುತ್ತದೆ ಎಂದು ಕಂಪ್ಯೂಟರ್ ಕಣಕಣದ ಲೆಕ್ಕ ಹಾಕುವ ವಿಧಾನವೂ ಇದೆ. ಆ ಲೆಕ್ಕದ ಪ್ರೋಗ್ರಾಮುಗಳಲ್ಲಿ ಭಾಭಾ ಅವರ ಸೂತ್ರ ಇದೆ. 26 ವರ್ಷದ ಯುವಕ ಕಾಗದದ ಮೇಲೆ ಮಾಡಿದ ಲೆಕ್ಕ ಅದು. ಮಾಡುವಾಗ ಅವರ ಮನಸ್ಸಿನಲ್ಲಿ ಯಾವ ರೋಗಿಯೂ ಇದ್ದಿರಲಾರ.

1939ರಲ್ಲಿ ಭಾಭಾ ರಜೆಗೆಂದು ಊರಿಗೆ ಬಂದಿದ್ದರು. ಸೆಪ್ಟೆಂಬರ್‌ನಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು, ಮರಳಿ ಹೋಗುವುದಕ್ಕೆ ಆಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದರು. ಈಗಲೂ ಹಳಬರು ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಾರೆ. ಭೌತಶಾಸ್ತ್ರ ವಿಭಾಗದಲ್ಲಿ ಸಿ.ವಿ. ರಾಮನ್ ಇದ್ದರು. ವಿಶ್ವಕಿರಣದ ಸಂಶೋಧನೆಗೆ ಒಂದು ಘಟಕ ಮಾಡಿಕೊಟ್ಟರು, ಹಣ ದೊರಾಬ್‌ಜಿ ಟ್ರಸ್ಟಿನಿಂದ ಬಂತು. ವಿಕ್ರಂ ಸಾರಾಭಾಯಿ ಕೂಡ ಆಗ ಅಲ್ಲೇ ಸಂಶೋಧನೆ ಮಾಡುತ್ತಿದ್ದರು. 1941ರಲ್ಲಿ ಭಾಭಾ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. ಅವರು ಚಿತ್ರ ಬರೆಯುತ್ತಿದ್ದರು, ಪಾಶ್ಚಾತ್ಯ ಸಂಗೀತದ ಜ್ಞಾನ ಇತ್ತು, ಮರಗಿಡಗಳೆಂದರೆ ಪ್ರಾಣ. ರಾಮನ್ ಅವರು ಭಾಭಾರನ್ನು ಲಿಯೊನಾರ್ಡೊ ಡ ವಿಂಚಿಗೆ ಹೋಲಿಸಿದ್ದರು. ರಾಮನ್ ಸುಲಭವಾಗಿ ಹೊಗಳುವವರಲ್ಲ ಎಂದು ಕೇಳಿದ್ದೇನೆ.

ಬೆಂಗಳೂರಿನ ಈ ಆರು ವರ್ಷಗಳಲ್ಲೇ ಅವರ ಮನಸ್ಸು ಬದಲಾದದ್ದು. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿಗೆ ಹೋಗುವ ಬದಲು ಇಲ್ಲೇ ಉಳಿದು ಸಂಸ್ಥೆ ಕಟ್ಟಬೇಕು ಎಂದು ತೀರ್ಮಾನಿಸಿದರು. 1944ರ ಮಾರ್ಚ್‌ನಲ್ಲಿ ದೊರಾಬ್‌ಜಿ ಟ್ರಸ್ಟಿಗೆ ಪತ್ರ ಬರೆದು, ಮುಂದೆ ಪರಮಾಣು ಶಕ್ತಿಯಿಂದ ವಿದ್ಯುತ್ ತೆಗೆಯುವ ಕಾಲ ಬಂದಾಗ ಭಾರತ ತಜ್ಞರಿಗಾಗಿ ಹೊರದೇಶದ ಮುಖ ನೋಡಬೇಕಾಗಬಾರದು, ಈಗಲೇ ಜನರನ್ನು ತಯಾರು ಮಾಡಬೇಕು ಎಂದು ವಿವರಿಸಿದರು. ಹಿರೊಶಿಮಾಕ್ಕೆ ಇನ್ನೂ ಒಂದೂವರೆ ವರ್ಷ ಇತ್ತು. 1945ರ ಜೂನ್‌ನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲೇ ಶುರುವಾಯಿತು, ವರ್ಷದ ಕೊನೆಗೆ ಬೊಂಬಾಯಿಗೆ ಹೋಯಿತು.

ಇಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತಿರುವ ಭಾಗ, ಬೇಗ ಹೇಳಿ ಮುಗಿಸುತ್ತೇನೆ. 1948ರಲ್ಲಿ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾದರು. 1954ರಲ್ಲಿ ಟ್ರಾಂಬೆಯಲ್ಲಿ ಪರಮಾಣು ಸಂಸ್ಥೆ ಶುರುವಾಯಿತು. 1955ರಲ್ಲಿ ಜಿನೀವಾದಲ್ಲಿ ಪರಮಾಣುವಿನ ಶಾಂತಿಯುತ ಬಳಕೆ ಕುರಿತ ವಿಶ್ವಸಂಸ್ಥೆಯ ಮೊದಲ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1956ರ ಆಗಸ್ಟ್ 4ರಂದು ಅಪ್ಸರಾ ರಿಯಾಕ್ಟರ್ ಕೆಲಸ ಶುರು ಮಾಡಿತು. ಅದರ ಇಂಧನ ಬ್ರಿಟನ್ನಿನಿಂದ ಬಂದದ್ದು, ಕಟ್ಟಿದ್ದು ನಮ್ಮವರು. 1960ರಲ್ಲಿ ಕೆನಡಾದ ನೆರವಿನಿಂದ ಸೈರಸ್ ರಿಯಾಕ್ಟರ್ ಬಂತು. ಬಾಂಬಿನ ಬಗ್ಗೆ ಅವರ ನಿಲುವು ಏನಿತ್ತು ಎಂದು ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಇಂದಿಗೂ ಚರ್ಚೆ ಇದೆ, ಅದು ನನ್ನ ಅಳತೆಗೆ ಮೀರಿದ್ದು. ಪರಮಾಣು ವಿದ್ಯುತ್ತಿನ ಬಗ್ಗೆ ಅವರು ಇಟ್ಟುಕೊಂಡಿದ್ದ ನಿರೀಕ್ಷೆ ಮಾತ್ರ ಪೂರ್ತಿ ಆಗಲಿಲ್ಲ ಎನ್ನಬೇಕು. ನಮ್ಮ ಕೈಗಾ ಸ್ಥಾವರ ಇದೆ, ಆದರೂ ದೇಶದ ವಿದ್ಯುತ್ತಿನಲ್ಲಿ ಪರಮಾಣುವಿನ ಪಾಲು ಚಿಕ್ಕದೇ.

ಕಡಿಮೆ ಜನರಿಗೆ ಗೊತ್ತಿರುವುದು ರಿಯಾಕ್ಟರಿನ ಇನ್ನೊಂದು ಉತ್ಪನ್ನ. ರಿಯಾಕ್ಟರಿನೊಳಗೆ ನ್ಯೂಟ್ರಾನುಗಳು ಓಡಾಡುತ್ತಿರುತ್ತವೆ. ಸಾಮಾನ್ಯ ಕೋಬಾಲ್ಟ್ ಲೋಹವನ್ನು ಅಲ್ಲಿ ಇಟ್ಟರೆ ಅದು ನ್ಯೂಟ್ರಾನ್ ನುಂಗಿ ಕೋಬಾಲ್ಟ್-60 ಆಗುತ್ತದೆ. ಅದರಿಂದ ಬಲವಾದ ಗಾಮಾ ಕಿರಣ ಬರುತ್ತದೆ. ಅದನ್ನು ಸೀಸದಂಥ ಭಾರದ ಲೋಹದ ತಲೆಯೊಳಗೆ ಮುಚ್ಚಿಟ್ಟು, ಬೇಕಾದಾಗ ಮಾತ್ರ ಕಿಟಕಿ ತೆರೆದಂತೆ ತೆರೆದು, ಗೆಡ್ಡೆಯ ಮೇಲೆ ಬೀಳಿಸಿದರೆ ಅದೇ ರೇಡಿಯೇಷನ್ ಚಿಕಿತ್ಸೆ. 1951ರಲ್ಲಿ ಕೆನಡಾದಲ್ಲಿ ಮೊದಲ ಬಾರಿಗೆ ಹೀಗೆ ಚಿಕಿತ್ಸೆ ಕೊಟ್ಟರು. ದೊರಾಬ್‌ಜಿ ಕಾಲದ ರೇಡಿಯಂ ಗ್ರಾಂ ಲೆಕ್ಕದಲ್ಲಿ ಸಿಗುತ್ತಿದ್ದ ವಸ್ತು, ಬೆಲೆ ವಜ್ರವನ್ನು ಮೀರಿಸುತ್ತಿತ್ತು. ರಿಯಾಕ್ಟರ್ ಇದ್ದ ದೇಶಕ್ಕೆ ಕೋಬಾಲ್ಟ್ ಹಾಗಲ್ಲ.

ಟಾಟಾ ಆಸ್ಪತ್ರೆಯನ್ನು 1957ರಲ್ಲಿ ಕೇಂದ್ರದ ಆರೋಗ್ಯ ಇಲಾಖೆ ವಹಿಸಿಕೊಂಡಿತ್ತು. ಭಾಭಾ ಅವರು ಅದು ಪರಮಾಣು ಶಕ್ತಿ ಇಲಾಖೆಯ ಕೈಗೆ ಬರಬೇಕೆಂದು ಪ್ರಯತ್ನಿಸಿದರು, ಜೆ.ಆರ್.ಡಿ. ಟಾಟಾ ಅವರೂ ಜೊತೆಗಿದ್ದರು. 1962ರಲ್ಲಿ ಹಾಗೆಯೇ ಆಯಿತು. ಮೊದಲ ಸಲ ಓದಿದಾಗ ವಿಚಿತ್ರ ಅನಿಸಿತು. ಅಣು ಇಲಾಖೆ ಆಸ್ಪತ್ರೆ ನಡೆಸುವುದು ಎಂದರೆ ಅರಣ್ಯ ಇಲಾಖೆ ಪೋಸ್ಟಾಫೀಸು ನಡೆಸಿದ ಹಾಗೆ. ಆದರೆ ಭಾಭಾ ಲೆಕ್ಕ ಬೇರೆ ಇತ್ತು. ಮುಂದೆ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ವಿಕಿರಣದ ಪಾಲು ದೊಡ್ಡದಾಗುತ್ತದೆ. ವಿಕಿರಣ ತಯಾರಿಸುವವರು, ಅಳೆಯುವವರು, ಅದರ ಅಪಾಯ ಬಲ್ಲವರು ಟ್ರಾಂಬೆಯಲ್ಲಿದ್ದಾರೆ. ರೋಗಿಗಳು ಪರೇಲಿನಲ್ಲಿದ್ದಾರೆ. ಇಬ್ಬರ ನಡುವೆ ಎರಡು ಇಲಾಖೆಗಳ ಫೈಲು ಓಡಾಡುವುದು ಬೇಡ. 1963ರಲ್ಲಿ ಟಾಟಾ ಆಸ್ಪತ್ರೆಯ ಪಕ್ಕದಲ್ಲೇ ವಿಕಿರಣ ವೈದ್ಯಕೀಯ ಕೇಂದ್ರವೂ ಶುರುವಾಯಿತು. ಇಂದಿಗೂ ಟಾಟಾ ಆಸ್ಪತ್ರೆ ಆ ಇಲಾಖೆಯ ಕೆಳಗೇ ಇದೆ. ರಿಯಾಕ್ಟರುಗಳಿಗಿಂತ ಇದೇ ಅವರ ದೊಡ್ಡ ಕೆಲಸ ಎಂದು ನನ್ನ ಅಭಿಪ್ರಾಯ. ಸೈನ್ಸ್ ವಿಭಾಗದ ಗೆಳತಿಯರು ಒಪ್ಪುವುದಿಲ್ಲ.

ಅತ್ತೆಯ ಸಾವು ಭಾಭಾ ಅವರ ಮೇಲೆ ಎಷ್ಟು ಪರಿಣಾಮ ಮಾಡಿತ್ತು ಎಂದು ಹೇಳಲು ನನಗೆ ಆಧಾರ ಸಿಗಲಿಲ್ಲ, ಅದರಿಂದ ಹೇಳುವುದಿಲ್ಲ. ಅತ್ತೆಯ ನೆನಪಿನ ಹಣದಿಂದ ಎದ್ದ ಆಸ್ಪತ್ರೆಯನ್ನು 31 ವರ್ಷಗಳ ನಂತರ ಅಳಿಯ ತನ್ನ ಇಲಾಖೆಗೆ ತಂದುಕೊಂಡರು ಎಂಬುದು ಮಾತ್ರ ನಿಜ.

ಈಗ ನಮ್ಮ ದಾದಿಯ ವಿಷಯ. ನಮ್ಮ ಮನೆ ಬೆಳ್ತಂಗಡಿ ತಾಲೂಕಿನಲ್ಲಿ. ದಾದಿಗೆ ಮೊದಲು ಆಗಿದ್ದ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು. ಆಪರೇಷನ್ ಮಾಡುವ ಹಾಗಿಲ್ಲ, ಪೂರ್ತಿ ಗುಣ ಆಗುವುದೂ ಇಲ್ಲ, ಆದರೆ ನೋವು ಕಡಿಮೆ ಮಾಡಬಹುದು ಎಂದು ಡಾಕ್ಟರ್ ಸ್ಪಷ್ಟವಾಗಿ ಹೇಳಿದರು. ಅವರಿಗೆ ಮಲಗಿದರೂ ನೋವು, ಕೂತರೂ ನೋವು. ರಾತ್ರಿ ಗೋಡೆ ಹಿಡಿದು ನಿಂತೇ ಇರುತ್ತಿದ್ದರು. ಗುಣ ಆಗದ ಕಾಯಿಲೆಗೆ ಯಾಕೆ ಓಡಾಟ, ಯಾಕೆ ಖರ್ಚು ಎಂದು ಸಂಬಂಧಿಕರಲ್ಲಿ ಕೆಲವರು ಹೇಳಿದರು. ಅವರು ಕೆಟ್ಟವರಲ್ಲ, ಅವರ ಲೆಕ್ಕ ಅಷ್ಟೇ. ಅಬ್ಬಾ ಅಮ್ಮಿಯ ಎರಡು ಬಳೆ ಅಡವಿಟ್ಟರು. ಚಿಕಿತ್ಸೆಯ ಹಣ ಸರ್ಕಾರದ ಕಾರ್ಡಿನಿಂದ ಹೋಯಿತು, ಬಳೆ ಹೋದದ್ದು ಓಡಾಟಕ್ಕೆ, ಸ್ಕ್ಯಾನಿಂಗ್‌ಗೆ, ಊಟಕ್ಕೆ. ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರು ರೇಡಿಯೇಷನ್‌ಗೆಂದು ಮಂಗಳೂರಿಗೋ ದೇರಳಕಟ್ಟೆಗೋ ಮಣಿಪಾಲಕ್ಕೋ ಹೋಗಬೇಕು. ಗುರುವಾಯನಕೆರೆ, ಮಡಂತ್ಯಾರು, ಬಿ.ಸಿ. ರೋಡ್ ದಾಟಿ ಹೋಗುವ ದಾರಿಯಲ್ಲಿ ಎಷ್ಟು ಗುಂಡಿ ಇದೆ ಎಂದು ಬೆನ್ನುಮೂಳೆ ನೋವಿನವರನ್ನು ಕೂರಿಸಿಕೊಂಡು ಹೋದರೆ ತಿಳಿಯುತ್ತದೆ. ಕೊನೆಗೆ ಮೂಡುಬಿದಿರೆಯ ಫುಫಿಯ ಮನೆಯಲ್ಲಿ ಇಟ್ಟುಕೊಂಡು ಅಲ್ಲಿಂದ ಐದು ದಿನ ಮಂಗಳೂರಿಗೆ ಕರೆದುಕೊಂಡು ಹೋದೆವು. ಊರಿನಲ್ಲಿ ಇದನ್ನು ಕರೆಂಟ್ ಕೊಡುವುದು ಎನ್ನುತ್ತಾರೆ. ಆ ಹೆಸರಿಗೇ ದಾದಿ ಹೆದರಿದ್ದರು, ಶಾಕ್ ಹೊಡೆಯುತ್ತದೆ ಎಂದುಕೊಂಡಿದ್ದರು.

ಅಲ್ಲಿದ್ದದ್ದು ಕೋಬಾಲ್ಟ್ ಯಂತ್ರ ಅಲ್ಲ, ಅದರ ನಂತರದ ತಲೆಮಾರಿನ ಲೀನಿಯರ್ ಆಕ್ಸಿಲರೇಟರ್. ಅದರಲ್ಲಿ ವಿಕಿರಣದ ವಸ್ತುವೇ ಇರುವುದಿಲ್ಲ. ಎಲೆಕ್ಟ್ರಾನುಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಓಡಿಸಿ ಟಂಗ್‌ಸ್ಟನ್ ತಗಡಿಗೆ ಹೊಡೆಸುತ್ತಾರೆ, ಅಲ್ಲಿಂದ ಎಕ್ಸ್-ರೇ ಬರುತ್ತದೆ. ಸ್ವಿಚ್ ಆಫ್ ಮಾಡಿದರೆ ಕಿರಣವೂ ಆಫ್. ಮೊದಲು ಒಂದು ದಿನ ಸಿಟಿ ಸ್ಕ್ಯಾನ್ ಮಾಡಿ, ಮೈಮೇಲೆ ಸಣ್ಣ ಗುರುತು ಹಾಕಿ, ಎಲ್ಲಿಂದ ಎಷ್ಟು ಕಿರಣ ಎಂದು ಯೋಜನೆ ಮಾಡಿದರು. ಆಮೇಲೆ ಪ್ರತಿದಿನ ಕಿರಣ ಕೊಡುವ ಮೊದಲು ಯಂತ್ರವೇ ದಾದಿಯ ಸುತ್ತ ತಿರುಗಿ ಇನ್ನೊಂದು ಚಿತ್ರ ತೆಗೆಯುತ್ತಿತ್ತು. ಇವತ್ತಿನ ಚಿತ್ರವನ್ನು ಯೋಜನೆಯ ಚಿತ್ರದ ಮೇಲೆ ಇಟ್ಟು ನೋಡುತ್ತಾರೆ. ನಿನ್ನೆಗಿಂತ ಮೂರು ಮಿಲಿಮೀಟರ್ ಆಚೆ ಮಲಗಿದ್ದರೆ ಮೇಜು ಅಷ್ಟೇ ಸರಿಯುತ್ತದೆ. ಬೆನ್ನುಮೂಳೆಯೊಳಗೆ ಬೆನ್ನುಹುರಿ ಇದೆ, ಅದಕ್ಕೆ ಹೆಚ್ಚು ಕಿರಣ ಬಿದ್ದರೆ ಕೈಕಾಲು ಹೋಗಬಹುದು. ಅದಕ್ಕೇ ಈ ಮಿಲಿಮೀಟರ್ ಲೆಕ್ಕ. ಕಿರಣದ ದಾರಿಯಲ್ಲಿ ಬೆರಳಿನಂಥ ತೆಳು ಲೋಹದ ಪಟ್ಟಿಗಳು ಒಳಗೆ ಹೊರಗೆ ಸರಿದು ಗೆಡ್ಡೆಯ ಆಕಾರಕ್ಕೆ ಕಿಂಡಿ ಮಾಡುತ್ತವೆ. ಒಳಗೆ ದಾದಿ ಒಬ್ಬರೇ, ಹೊರಗೆ ಟಿವಿಯಲ್ಲಿ ನೋಡುವವರು. ಆ ಟೆಕ್ನಿಷಿಯನ್ ಎದೆಯ ಮೇಲೆ ಒಂದು ಚಿಕ್ಕ ಬ್ಯಾಡ್ಜ್ ಇತ್ತು. ಅವರ ಮೈಗೆ ಎಷ್ಟು ವಿಕಿರಣ ತಗುಲಿದೆ ಎಂದು ಅಳೆಯುವ ಬ್ಯಾಡ್ಜ್ ಅದು. ದೇಶದಲ್ಲಿ ಅದನ್ನು ಅಳೆಯುವ ವ್ಯವಸ್ಥೆ ರೂಪಿಸಿದ್ದು ಟ್ರಾಂಬೆಯವರೇ.

ಶಾಕ್ ಹೊಡೆಯಲಿಲ್ಲ. ಮೊದಲ ವಾರ ಏನೂ ವ್ಯತ್ಯಾಸ ಇಲ್ಲ, ನೋವು ಸ್ವಲ್ಪ ಹೆಚ್ಚೇ ಆಯಿತು. ಹತ್ತು ಹನ್ನೆರಡು ದಿನದ ಮೇಲೆ ಒಂದು ರಾತ್ರಿ ದಾದಿ ಪೂರ್ತಿ ನಿದ್ದೆ ಮಾಡಿದರು. ಫಜ್ರ್‌ಗೆ ತಾವೇ ಎದ್ದು ಕುರ್ಚಿಯಲ್ಲಿ ಕೂತು ನಮಾಜ್ ಮಾಡಿದರು. ಮೂಳೆಗೆ ಹರಡಿದ ಕ್ಯಾನ್ಸರಿನ ನೋವು ಹತ್ತರಲ್ಲಿ ಸುಮಾರು ಆರು ಜನರಿಗೆ ಈ ಚಿಕಿತ್ಸೆಯಿಂದ ಕಡಿಮೆಯಾಗುತ್ತದೆ ಎಂದು ಆಮೇಲೆ ಓದಿದೆ. ಅಂದರೆ ನಾಲ್ವರಿಗೆ ಆಗುವುದಿಲ್ಲ. ಅನೇಕರಿಗೆ ಐದು ದಿನವೂ ಬೇಡ, ಒಂದೇ ಸಲ ಕೊಟ್ಟರೂ ನೋವು ಅಷ್ಟೇ ಇಳಿಯುತ್ತದಂತೆ. ದೂರದ ಊರಿನವರು ಇದನ್ನು ಡಾಕ್ಟರ ಹತ್ತಿರ ಕೇಳಿ ನೋಡಬಹುದು. ದಾದಿ ಮತ್ತೆ ಎಂಟು ತಿಂಗಳು ನಮ್ಮ ಜೊತೆ ಇದ್ದರು. ಅದರಲ್ಲಿ ಆರು ತಿಂಗಳು ರಾತ್ರಿ ನಿದ್ದೆ ಇತ್ತು. ಬಳೆ ಇನ್ನೂ ಬಿಡಿಸಿಲ್ಲ. ಅಮ್ಮಿ ಅದರ ಬಗ್ಗೆ ಒಂದು ಸಲವೂ ಮಾತಾಡಿಲ್ಲ.

ಭಾಭಾ ಅವರಿಗೆ ಇದನ್ನೆಲ್ಲ ನೋಡುವ ಅವಕಾಶ ಸಿಗಲಿಲ್ಲ. 1966ರ ಜನವರಿ 24ರಂದು ವಿಯೆನ್ನಾದ ಸಭೆಗೆಂದು ಹೊರಟಿದ್ದ ಅವರ ಏರ್ ಇಂಡಿಯಾ ವಿಮಾನ ಕಾಂಚನಜುಂಗಾ ಯುರೋಪಿನ ಮೋಂಟ್ ಬ್ಲಾಂಕ್ ಪರ್ವತಕ್ಕೆ ಬಡಿಯಿತು. ವಿಮಾನದಲ್ಲಿದ್ದ 117 ಜನರಲ್ಲಿ ಯಾರೂ ಉಳಿಯಲಿಲ್ಲ. ದೆಹಲಿಯಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾಗಿ ಪ್ರಮಾಣವಚನ ತೆಗೆದುಕೊಂಡದ್ದೂ ಅದೇ ದಿನ. ಭಾಭಾ ಅವರಿಗೆ 56 ವರ್ಷ, ಮದುವೆ ಆಗಿರಲಿಲ್ಲ. ಮರುವರ್ಷ ಟ್ರಾಂಬೆಯ ಸಂಸ್ಥೆಗೆ ಅವರ ಹೆಸರಿಟ್ಟರು. ಅದೇ ಬಾರ್ಕ್.

ಅವರ ಹೆಸರಿನ ಇನ್ನೊಂದು ವಸ್ತು ಇದೆ, ಕ್ವಿಜ್‌ನಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಭಾಭಾಟ್ರಾನ್. ಬಾರ್ಕ್‌ನ ಎಂಜಿನಿಯರುಗಳು ರೂಪಿಸಿದ ಕೋಬಾಲ್ಟ್ ಚಿಕಿತ್ಸಾ ಯಂತ್ರ. ಅದುವರೆಗೆ ಕೋಬಾಲ್ಟ್ ನಮ್ಮದಾದರೂ ಯಂತ್ರವನ್ನು ವಿದೇಶದಿಂದ ತರಿಸುತ್ತಿದ್ದರು. ಕೆಟ್ಟರೆ ಬಿಡಿಭಾಗಕ್ಕೂ ವಿದೇಶವೇ ಗತಿ. ಮೊದಲ ಭಾಭಾಟ್ರಾನ್ ನವಿ ಮುಂಬೈಯ ಖಾರ್‌ಘರ್‌ನಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಆಸ್ಪತ್ರೆಯಲ್ಲಿ ಕೆಲಸ ಶುರು ಮಾಡಿತು. ಅದನ್ನು ತಯಾರಿಸುವ ತಂತ್ರಜ್ಞಾನವನ್ನು ಬಾರ್ಕ್ ಕೊಟ್ಟದ್ದು ಬೆಂಗಳೂರಿನ ಪ್ಯಾನೇಸಿಯಾ ಮೆಡಿಕಲ್ ಟೆಕ್ನಾಲಜೀಸ್ ಎಂಬ ಕಂಪನಿಗೆ. ಕಾರ್ಖಾನೆ ಇರುವುದು ಕೋಲಾರ ಜಿಲ್ಲೆಯ ಮಾಲೂರಿನಲ್ಲಿ. ಮೈಸೂರು ಸಂಸ್ಥಾನದ ಅಧಿಕಾರಿಯ ಮೊಮ್ಮಗನ ಹೆಸರಿನ ಯಂತ್ರ ಮಾಲೂರಿನಿಂದ ಹೊರದೇಶಕ್ಕೂ ಹೋಗಿದೆ. ಭಾರತ ಸರ್ಕಾರ ವಿಯೆಟ್ನಾಂಗೆ ಒಂದನ್ನು ಉಡುಗೊರೆಯಾಗಿ ಕೊಟ್ಟಿದೆ. ಅದೇ ಕಂಪನಿ ಈಗ ಚಿತ್ರ ನೋಡಿ ಗುರಿಯಿಡುವ ಲೀನಿಯರ್ ಆಕ್ಸಿಲರೇಟರನ್ನೂ ಮಾಡುತ್ತಿದೆ.

ಕೋಬಾಲ್ಟ್ ಯಂತ್ರವನ್ನು ಸುಮ್ಮನೆ ಹೊಗಳುವುದು ಸರಿಯಲ್ಲ. ಕಿರಣದ ಅಂಚು ಲೀನಿಯರ್ ಆಕ್ಸಿಲರೇಟರಿನಷ್ಟು ಚೂಪಾಗಿರುವುದಿಲ್ಲ, ಮಿಲಿಮೀಟರ್ ಲೆಕ್ಕದ ಕೆಲಸಕ್ಕೆ ಅದು ಹಿಂದೆ. ಇನ್ನೊಂದು ತೊಂದರೆ ನಮ್ಮ ಕಾಮರ್ಸ್‌ನವರಿಗೆ ಬೇಗ ಅರ್ಥವಾಗುತ್ತದೆ. ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ. ಅಷ್ಟು ಕಾಲದಲ್ಲಿ ಅದರ ಬಲ ಅರ್ಧಕ್ಕೆ ಇಳಿಯುತ್ತದೆ, ಮತ್ತೆ ಅಷ್ಟೇ ಕಾಲಕ್ಕೆ ಕಾಲು ಭಾಗಕ್ಕೆ. ನಾನು ಲೆಕ್ಕ ಹಾಕಿ ನೋಡಿದೆ, ವರ್ಷಕ್ಕೆ ಸುಮಾರು 12.3% ಸವಕಳಿ, ಅದೂ ನಾವು ಕಲಿತ ಡಿಮಿನಿಶಿಂಗ್ ಬ್ಯಾಲೆನ್ಸ್ ಪದ್ಧತಿಯಲ್ಲೇ. ಯಂತ್ರ ಬಳಸಿದರೂ ಬಳಸದಿದ್ದರೂ ಸವಕಳಿ ನಿಲ್ಲುವುದಿಲ್ಲ. ಹೊಸದರಲ್ಲಿ ಎರಡು ನಿಮಿಷ ಸಾಕಾದ ಚಿಕಿತ್ಸೆಗೆ ಐದು ವರ್ಷದ ಮೇಲೆ ನಾಲ್ಕು ನಿಮಿಷ ಬೇಕು. ಹೊರಗೆ ಬೆಂಚಿನಲ್ಲಿ ಕಾಯುವವರ ಸಾಲು ಅಷ್ಟು ಉದ್ದವಾಗುತ್ತದೆ. ಹೊಸ ಕೋಬಾಲ್ಟ್ ತುಂಬಿಸುವ ಖರ್ಚನ್ನು ಮೊದಲೇ ಎತ್ತಿಡದ ಆಸ್ಪತ್ರೆ ಕಷ್ಟಕ್ಕೆ ಬೀಳುತ್ತದೆ.

ಆದರೆ ಲೀನಿಯರ್ ಆಕ್ಸಿಲರೇಟರಿಗೆ ಹಲವು ಕೋಟಿ ರೂಪಾಯಿ ಬೇಕು, ನಿಲ್ಲದ ಒಳ್ಳೆಯ ವಿದ್ಯುತ್ ಬೇಕು, ಕೆಟ್ಟರೆ ರಿಪೇರಿ ಬಲ್ಲವರು ಬೇಕು. ಭಾಭಾಟ್ರಾನ್ ಅದಕ್ಕಿಂತ ಸರಳ. ಕಿರಣಕ್ಕೆ ಕರೆಂಟ್ ಬೇಡ, ಅದು ಕೋಬಾಲ್ಟಿನಿಂದ ತಾನಾಗಿ ಬರುತ್ತದೆ. ಯಂತ್ರ ನಡೆಸಲು ಮಾತ್ರ ವಿದ್ಯುತ್ ಬೇಕು, ಅದಕ್ಕೂ ಬ್ಯಾಟರಿ ಇಟ್ಟಿದ್ದಾರೆ. ಜೂನ್‌ನಲ್ಲಿ ಮಳೆ ಶುರುವಾದರೆ ಬೆಳ್ತಂಗಡಿ ಕಡೆ ಮರ ಬಿದ್ದು ಎರಡು ದಿನ ಕರೆಂಟ್ ಇರುವುದಿಲ್ಲ ಎಂದು ನಮಗೆಲ್ಲ ಗೊತ್ತು. ಅಂಥ ದಿನವೂ ಮಧ್ಯದಲ್ಲಿ ನಿಂತ ಚಿಕಿತ್ಸೆಯನ್ನು ಆ ಬ್ಯಾಟರಿಯಿಂದ ಮುಗಿಸಬಹುದು.